ಹಾಸನ ಸೀಮೆಯ ಜೀರ್ಣಸ್ಮಾರಕಗಳು: ಒಂದು ಪ್ರವಾಸ, ಒಂದು ವಿಜ್ಞಾಪನೆ

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ನೆಯ ಇಸವಿ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಕನ್ನಡನಾಡಿನಲ್ಲೆಲ್ಲ ಉಂಟಾದ ಹರ್ಷವನ್ನು ವಾಚಕರು ಮರೆತಿರಲಾರರು. ನಾವೂ ಆ ಹರ್ಷದಲ್ಲಿ ಪಾಲುಗೊಂಡವರೇ ಸರಿ. ಆದರೆ ಅಂದಿನಿಂದಲೂ ಒಂದು ಪ್ರಶ್ನೆ ನಮ್ಮ ಮನಸ್ಸನ್ನು ಬಾಧಿಸುತ್ತಲೇ ಇದ್ದಿತು. ಲೋಕವು ಮೆಚ್ಚಿದ ಈ ಮೂರು ಊರುಗಳ ಸುತ್ತಮುತ್ತ, ಅದೇ ಕಾಲದಲ್ಲಿ, ಅದೇ ಬಗೆಯ ಕಲ್ಲಿನಲ್ಲಿ, ಅದೇ ಪರಂಪರೆಯ ಶಿಲ್ಪಿಗಳಿಂದ ನಿರ್ಮಿತವಾದ ಚಿಕ್ಕ ಗುಡಿಗಳು ಎಷ್ಟೋ ಇವೆಯಲ್ಲ, ಅವುಗಳ ಗತಿಯೇನು? ಅವುಗಳನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಕುಳಿತಲ್ಲಿಯೇ ಉತ್ತರ ಹೇಳುವುದು ಉಚಿತವಲ್ಲವೆಂದು ಬಗೆದು, ಕಳೆದ ಮಾಗಿಯಲ್ಲಿ ಹಾಸನವನ್ನು ಬೀಡಾಗಿ ಮಾಡಿಕೊಂಡು, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲವು ದಿನ ಸಂಚರಿಸಿದೆವು. ಕಂಡುದನ್ನೂ ಕಂಡು ತೋರಿದುದನ್ನೂ ವಾಚಕರ ಮುಂದಿಡುತ್ತೇವೆ.

ಹಾಸನವು ಮಲೆನಾಡಿಗೂ ಮೈದಾನಕ್ಕೂ ನಡುವಣ ಹೊಸ್ತಿಲು. ಊರಿನಿಂದ ಪಡುವಲಿಗೆ ಹೊರಟರೆ ಸಕಲೇಶಪುರದ ಘಟ್ಟಗಳೂ ಕಾಫಿಯ ತೋಟಗಳೂ ಎದುರಾಗುತ್ತವೆ. ಮೂಡಲಿಗೆ ಹೊರಟರೆ ತೆಂಗಿನ ತೋಪು, ರಾಗಿಯ ಹೊಲ, ಬೋಳುಬಂಡೆಯ ಗುಡ್ಡ. ತೆಂಕಲಿಗೆ ಹೇಮಾವತಿ, ಅದಕ್ಕೂ ತೆಂಕಲಿಗೆ ಕಾವೇರಿ. ಮಲೆನಾಡಿನ ಅಂಗಡಿಯೆಂಬ ಗ್ರಾಮದ ಕಡೆಯಿಂದ ಇಳಿದು ಬಂದ ಹೊಯ್ಸಳರು ಈ ಹೊಸ್ತಿಲಿನಲ್ಲಿಯೇ ತಮ್ಮ ರಾಜ್ಯವನ್ನು ಬೆಳೆಸಿದರು. ಕೆರೆಗೆ ತಕ್ಕ ನೆಲ, ಬೆಳೆಗೆ ತಕ್ಕ ಮಳೆ, ಶಿಲ್ಪಕ್ಕೆ ತಕ್ಕ ಬಳಪದ ಕಲ್ಲು ಮೂರೂ ಇಲ್ಲಿ ದೊರೆಯುತ್ತಿದ್ದುವು. ನೆಲದಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು, ಗಾಳಿ ತಾಕಿದಂತೆ ಗಟ್ಟಿಗೊಳ್ಳುವುದು ಆ ಕಲ್ಲಿನ ಗುಣ. ಉಳಿ ಹಿಡಿದವನಿಗೆ ಇದಕ್ಕಿಂತ ಅನುಕೂಲವಾದ ಕಲ್ಲು ಇನ್ನೊಂದಿಲ್ಲ.

ಮೊದಲು ನಾವು ಹೋದುದು ದೊಡ್ಡಗದ್ದವಳ್ಳಿಗೆ. ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯಲ್ಲಿ ದಿನವೂ ಓಡುವ ನೂರಾರು ಮೋಟಾರುಗಳಲ್ಲಿ ಈ ಊರಿನ ತಿರುವಿನಲ್ಲಿ ತಿರುಗುವುವು ಬಹು ಸ್ವಲ್ಪ. ಕೆರೆಯ ದಡದಲ್ಲಿರುವ ಇಲ್ಲಿನ ಲಕ್ಷ್ಮೀದೇವಿಯ ಗುಡಿ ಸುಮಾರು 1114ರಲ್ಲಿ, ಎಂದರೆ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಗೂ ಮೂರು ವರ್ಷ ಮೊದಲು, ವಿಷ್ಣುವರ್ಧನನ ಆಳಿಕೆಯಲ್ಲಿ ನಿರ್ಮಿತವಾದುದು. ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಧರ್ಮಪತ್ನಿ ಸಹಜಾದೇವಿಯೂ ಕೂಡಿ ಕಟ್ಟಿಸಿದರು. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ನೆನೆದು ಈ ಸ್ಥಳಕ್ಕೆ ಅಭಿನವ ಕೊಲ್ಲಾಪುರವೆಂದು ಹೆಸರಿಟ್ಟರು. ನಾಲ್ಕು ಗರ್ಭಗೃಹಗಳು ಒಂದೇ ಅಂಗಳಕ್ಕೆ ಮುಖಮಾಡಿರುವ ಚತುಷ್ಕೂಟವಿದು. ಹೊಯ್ಸಳರ ಗುಡಿಗಳಲ್ಲಿ ಈ ವಿನ್ಯಾಸ ಅಪೂರ್ವ. ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬುಗೂಡಿನಂತಹ ಆಳೆತ್ತರದ ಬೇತಾಳಗಳೆರಡು ನಿಂತಿವೆ. ನಸುಗತ್ತಲೆಯಲ್ಲಿ ಅವುಗಳನ್ನು ಕಂಡ ಮಗುವು ಜನ್ಮದಲ್ಲಿ ಮರೆಯಲಾರದು.

ಆದರೆ ಆ ಕಾಳಿಯ ವಿಗ್ರಹವೇ 2020ನೆಯ ಇಸವಿ ನವೆಂಬರಿನಲ್ಲಿ ತುಂಡು ತುಂಡಾಗಿ ಬಿದ್ದಿರುವುದು ಕಂಡುಬಂದಿತು. ಒಂಬತ್ತು ಶತಮಾನಗಳ ಕಾಲ ಮುಕ್ಕಾಗದೆ ನಿಂತ ಮೂರ್ತಿ ನಮ್ಮ ಕಣ್ಣ ಮುಂದೆಯೇ ಒಡೆಯಿತು. ಕಾರಣದ ಚರ್ಚೆಗೆ ನಾವು ಇಲ್ಲಿ ಕೈಯಿಕ್ಕುವುದಿಲ್ಲ. ಸುದ್ದಿ ಬಂದ ವಾರದಲ್ಲಿ ಎಲ್ಲರೂ ಕಳವಳಪಟ್ಟೆವು, ಮರುವಾರ ಮರೆತೆವು. ನಮ್ಮ ಮನಸ್ಸನ್ನು ನೋಯಿಸಿದುದು ಈ ಮರೆವು.

ಈ ಸೀಮೆಯ ದಾನಶಾಸನಗಳನ್ನು ಲೂಯಿ ರೈಸ್ ಮಹಾಶಯರು ಸಂಗ್ರಹಿಸಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಹೊಯ್ಸಳರ ಕಾಲದ ಇಂತಹ ಶಾಸನಗಳನ್ನು ಓದಿದವರಿಗೆ ಒಂದು ಮಾತು ಪದೇ ಪದೇ ಎದುರಾಗುತ್ತದೆ. ದೇವರ ಅಂಗಭೋಗಕ್ಕೆ ಇಷ್ಟು, ನಂದಾದೀವಿಗೆಗೆ ಇಷ್ಟು, ಅನ್ನದಾನಕ್ಕೆ ಇಷ್ಟು ಎಂದು ಗದ್ದೆ ಬೆದ್ದಲುಗಳನ್ನು ಹಂಚುತ್ತ, ಅದೇ ಸಾಲಿನಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದೂ ಭಾಗವನ್ನು ಕಲ್ಪಿಸಿರುತ್ತಾರೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು. ಇದರ ಅರ್ಥವನ್ನು ವಾಚಕರು ಸಾವಧಾನವಾಗಿ ಆಲೋಚಿಸಬೇಕೆಂದು ಬೇಡುತ್ತೇವೆ. ಗುಡಿಯ ಗಾರೆ ಇನ್ನೂ ಆರಿಲ್ಲ. ಶಿಲ್ಪಿಯ ಉಳಿಯ ಸದ್ದು ಇನ್ನೂ ನಿಂತಿಲ್ಲ. ಆಗಲೇ ಕಟ್ಟಿಸಿದವರು, ಮುಂದೊಂದು ದಿನ ಇದು ಬಿರಿಯುವುದು, ಅಂದು ಸರಿಪಡಿಸುವವನಿಗೆ ಕೂಲಿ ಬೇಕು ಎಂದು ಬಗೆದು ನೆಲ ಬಿಟ್ಟರು. ಕಲ್ಲು ಶಾಶ್ವತವೆಂಬ ಭ್ರಮೆ ಅವರಿಗಿರಲಿಲ್ಲ. ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದು ಕೊನೆಯಲ್ಲಿ ಶಪಿಸಿದುದೂ ಈ ಏರ್ಪಾಡು ತಪ್ಪಬಾರದೆಂದೇ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೋರವಂಗಲಕ್ಕೆ ಹೋದೆವು. ಹಾಸನದಿಂದ ಅರಸೀಕೆರೆಯ ಹಾದಿಯಲ್ಲಿ 6 ಮೈಲಿಯ ಆಸುಪಾಸಿನಲ್ಲಿರುವ ಈ ಗ್ರಾಮದಲ್ಲಿ ಬೂಚಿರಾಜನು 1173ರಲ್ಲಿ, ಇಮ್ಮಡಿ ವೀರಬಲ್ಲಾಳನು ಪಟ್ಟವೇರಿದ ಕಾಲದಲ್ಲಿ, ಬೂಚೇಶ್ವರನ ಗುಡಿಯನ್ನು ಕಟ್ಟಿಸಿದನು. ಶಿವಲಿಂಗಕ್ಕೆ ಎದುರಾಗಿ ಸೂರ್ಯನ ಗುಡಿಯಿದೆ. ಗೋಡೆಯ ಶಿಲ್ಪ ಬೇಲೂರಿನದಕ್ಕೆ ನಾಚಬೇಕಾದುದಲ್ಲ. ಇದೇ ಊರಿನಲ್ಲಿ ಅವನ ಸಹೋದರರಾದ ಗೋವಿಂದ ಮತ್ತು ನಾಕ ಎಂಬವರು ಕಟ್ಟಿಸಿದ ಗೋವಿಂದೇಶ್ವರ, ನಾಕೇಶ್ವರಗಳೂ ಇದ್ದುವು. ಈಗ ಅವು ಹಾಳು. ಒಂದೇ ಮನೆಯ ಮೂವರು, ಒಂದೇ ಊರು, ಒಂದೇ ಮಳೆ, ಒಂದೇ ಬಿಸಿಲು. ಒಂದು ನಿಂತಿತು, ಎರಡು ಬಿದ್ದುವು.

ಗುಡಿ ಬೀಳುವುದು ಹೇಗೆಂಬುದನ್ನು ಇಂತಹ ಊರುಗಳಲ್ಲಿ ಪ್ರತ್ಯಕ್ಷವಾಗಿ ನೋಡಬಹುದು. ಮೊದಲು ಮಾಳಿಗೆಯ ಮೇಲಿನ ಗಾರೆ ಸವೆಯುತ್ತದೆ. ಹಕ್ಕಿ ತಂದು ಹಾಕಿದ ಬೀಜದಿಂದ ಸಂದಿನಲ್ಲಿ ಒಂದು ಅರಳಿಯ ಸಸಿ ಹುಟ್ಟುತ್ತದೆ. ಅದರ ಬೇರು ಕಲ್ಲುಗಳ ನಡುವೆ ಇಳಿದು ಅವುಗಳನ್ನು ಅಗಲಿಸುತ್ತದೆ. ಅಗಲಿದೆಡೆಯಲ್ಲಿ ಮಳೆಯ ನೀರು ಇಳಿದು ತಳಪಾಯದ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಕಂಬ ವಾಲುತ್ತದೆ, ತೊಲೆ ಬಿರಿಯುತ್ತದೆ. ಮೊದಲ ವರ್ಷ ಎರಡು ಬೆರಳಿನಿಂದ ಕಿತ್ತುಹಾಕಬಹುದಾಗಿದ್ದ ಸಸಿಯನ್ನು ಮೂವತ್ತನೆಯ ವರ್ಷದಲ್ಲಿ ಗೋಡೆಯನ್ನು ಬಿಚ್ಚದೆ ತೆಗೆಯಲಾಗದು. ಶತ್ರುಗಳ ದಂಡು ಕೆಡವಿದ ಗುಡಿಗಳ ಕಥೆಯನ್ನು ನಾವು ಆವೇಶದಿಂದ ಹೇಳುತ್ತೇವೆ. ಸಸಿಯೊಂದನ್ನು ಕೀಳದೆ ನಾವೇ ಕೆಡವಿದುವುಗಳ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಇದಕ್ಕೆ ಇನ್ನೊಂದು ನಿದರ್ಶನ ಗೊರೂರಿನ ಕಡೆ ದೊರೆಯಿತು. ಹೇಮಾವತಿಯ ದಡದ ಗೊರೂರು, ಗಾಂಧೀಮಾರ್ಗದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರೆಹಗಳಿಂದ ಕನ್ನಡಿಗರೆಲ್ಲರಿಗೂ ಸ್ವಂತ ಊರಿನಂತಾದ ಗ್ರಾಮ. ಅಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ 37 ಟಿ.ಎಂ.ಸಿ.ಯಷ್ಟು ನೀರು ನಿಲ್ಲುತ್ತದೆ. ಆ ನೀರಿನ ಹಿಂಬದಿಯಲ್ಲಿ ಶೆಟ್ಟಿಹಳ್ಳಿಯ ಇಗರ್ಜಿಯಿದೆ. ಸುಮಾರು 1860ರಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಊರು ಮುಳುಗಡೆಗೆ ಸೇರಿ ಜನರು ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅರ್ಧ ಮುಳುಗುವುದು, ಬೇಸಗೆಯಲ್ಲಿ ಮತ್ತೆ ಮೇಲೇಳುವುದು. ಹೀಗೆಯೇ ದಶಕಗಳು ಕಳೆದಿವೆ. ಮಾಡು ಎಂದೋ ಹೋಯಿತು. ಎತ್ತರವಾದ ಕಮಾನುಗಳ ನಡುವೆ ಆಕಾಶ ಕಾಣುತ್ತದೆ. ಬೆಳ್ಳಕ್ಕಿಗಳು ಗೋಡೆಯ ಮೇಲೆ ಕುಳಿತಿರುತ್ತವೆ. ದೃಶ್ಯವೇನೋ ಮನೋಹರ. ಭಾವಚಿತ್ರ ತೆಗೆಸಿಕೊಳ್ಳಲು ದೂರದ ನಗರಗಳಿಂದ ನವವಧೂವರರು ಬರುತ್ತಾರೆ. ಆದರೆ ಅಲ್ಲಿ ನಿಂತಾಗ ನಮಗೆ ತೋರಿದುದು ಬೇರೆ. ಒಂಬೈನೂರು ವರ್ಷದ ದೊಡ್ಡಗದ್ದವಳ್ಳಿ ನಿಂತಿರುವಾಗ, ಇನ್ನೂರು ವರ್ಷವೂ ತುಂಬದ ಈ ಕಟ್ಟಡ ಕರಗುತ್ತಿರುವುದಕ್ಕೆ ನೀರಿನ ಜೊತೆಗೆ ಇನ್ನೊಂದು ಕಾರಣವಿದೆ: ಮಳೆಗಾಲ ಕಳೆದ ಮೇಲೆ ಏಣಿ ಹಾಕಿ ಮಾಡು ಹತ್ತುವ ಊರವನು ಅಲ್ಲಿ ಉಳಿಯಲಿಲ್ಲ. ಕೆಳಗಿನ ಸೀಮೆಯ ಗದ್ದೆಗಳಿಗೆ ನೀರು ಬಂದುದು ನಿಜ, ಆ ಉಪಕಾರ ದೊಡ್ಡದು. ಅದಕ್ಕಾಗಿ ಒಲೆ ಆರಿಸಿ ಹೊರಟ ಊರುಗಳ ಋಣವೂ ಅಷ್ಟೇ ದೊಡ್ಡದೆಂಬುದನ್ನು ಮರೆಯಲಾಗದು.

ಹೊಳೆನರಸೀಪುರದ ಕಡೆಗೆ ತಿರುಗಿದ ಮೇಲೆ ದಾರಿಯಲ್ಲಿ ಮೊಸಳೆಯನ್ನು ನೋಡಿದೆವು. ಸುಮಾರು 1200ರ ಕಾಲದ ನಾಗೇಶ್ವರ ಮತ್ತು ಚೆನ್ನಕೇಶವ ಗುಡಿಗಳು ಕೆಲವೇ ಅಡಿಗಳ ಅಂತರದಲ್ಲಿ ಅವಳಿ ಮಕ್ಕಳಂತೆ ನಿಂತಿವೆ. ಒಂದು ಶಿವನಿಗೆ, ಒಂದು ವಿಷ್ಣುವಿಗೆ, ಅಳತೆಯಲ್ಲಿ ಹೆಚ್ಚುಕಡಮೆಯಿಲ್ಲ. ಕಟ್ಟಿಸಿದವನ ಹೆಸರನ್ನು ಹೇಳುವ ಶಾಸನವಿಲ್ಲ. ಹೆಸರನ್ನು ಬಯಸದೆ ಮಾಡಿದ ಧರ್ಮವೋ, ಹೆಸರಿದ್ದ ಕಲ್ಲೇ ಕಳೆದುಹೋಯಿತೋ, ಈಶ್ವರನೇ ಬಲ್ಲ.

ಕಳೆದುಹೋಗುವ ಕಲ್ಲಿನ ಮಾತು ಬಂದುದರಿಂದ ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಹೊಳೆನರಸೀಪುರದ ಸೀಮೆಯಲ್ಲಿರುವ ನಮ್ಮ ಪೂರ್ವಿಕರ ಮನೆಯ ಬಚ್ಚಲಿನಲ್ಲಿ ಒಂದು ಚಪ್ಪಡಿಯಿತ್ತು. ಪಾಠಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಕಾಲದಲ್ಲಿ, ಎಣ್ಣೆಯ ಸ್ನಾನಕ್ಕೆ ಕುಳಿತಾಗ, ಅದರ ಮೇಲೆ ಕೊರೆದ ಸಾಲುಗಳನ್ನು ಬೆರಳಿನಿಂದ ತಿದ್ದುತ್ತ ಆಡಿದುದು ನೆನಪಿದೆ. ಅದು ಊರಾಚೆಯ ಹಾಳುಗುಡಿಯ ಶಾಸನವೆಂದೂ, ನಮ್ಮ ಅಜ್ಜನವರು ಗಾಡಿಯಲ್ಲಿ ಹೇರಿಸಿಕೊಂಡು ಬಂದು ಹಾಕಿಸಿದರೆಂದೂ ದೊಡ್ಡವರಾದ ಮೇಲೆ ತಿಳಿಯಿತು. ತಿಳಿದ ಮೇಲೂ ಮೂವತ್ತು ವರ್ಷ ನಾವು ಅದರ ಮೇಲೆಯೇ ನೀರು ಹೊಯ್ದುಕೊಂಡೆವು. ಪತ್ರಿಕೆಯಲ್ಲಿ ಕನ್ನಡದ ಅಭಿಮಾನವನ್ನು ಕುರಿತು ಬರೆಯುತ್ತಲೇ ಇದ್ದೆವು. ಈ ಪ್ರವಾಸದಲ್ಲಿ ಅದನ್ನು ಕೀಳಿಸಿ ಊರ ಈಶ್ವರನ ಗುಡಿಯ ಜಗಲಿಗೆ ಒಪ್ಪಿಸಿ, ಪುರಾತತ್ವ ಇಲಾಖೆಗೆ ಕಾಗದ ಬರೆದೆವು. ಸಾಲುಗಳು ಬಹುಮಟ್ಟಿಗೆ ಸವೆದಿವೆ. ನಡುವೆ ಒಂದೆರಡು ಪದಗಳು ಮಾತ್ರ ಓದಲು ಬರುತ್ತವೆ. ದಾನ ಕೊಟ್ಟವನ ಹೆಸರಿದ್ದ ಕಡೆ ಬಚ್ಚಲ ನೀರಿನ ಗುಳಿಯಿದೆ.

ಹೊಳೆನರಸೀಪುರವು ಲಕ್ಷ್ಮೀನರಸಿಂಹನ ಹೆಸರಿನ ಊರು. ಹೇಮಾವತಿಯ ಕಾಲುವೆಗಳ ಹಸುರು ಅದರ ಸುತ್ತ ಹಬ್ಬಿದೆ. ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಅಧ್ಯಾತ್ಮಪ್ರಕಾಶ ಕಾರ್ಯಾಲಯವು ಇಲ್ಲಿ ನೆಲೆಸಿ, ಶಂಕರರ ಭಾಷ್ಯಗಳನ್ನು ಕನ್ನಡದಲ್ಲಿ ಓದುವ ಭಾಗ್ಯವನ್ನು ಸಾಮಾನ್ಯರಿಗೆ ಒದಗಿಸಿತು. ಅಲ್ಲಿಂದ ಅರಕಲಗೂಡಿಗೆ ಹೋದೆವು. ಅರ್ಕೇಶ್ವರನ ಹೆಸರಿನ ಈ ಪಟ್ಟಣವನ್ನು ಐಗೂರಿನ ಪಾಳೆಯಗಾರ ಕೃಷ್ಣಪ್ಪನಾಯಕನು 1568ರ ಸುಮಾರಿನಲ್ಲಿ ಕಟ್ಟಿಸಿದನೆಂದು ಚರಿತ್ರಕಾರರು ಹೇಳುತ್ತಾರೆ. ಕಾದಂಬರಿಕಾರ ಅ.ನ. ಕೃಷ್ಣರಾಯರ ಹೆಸರಿನ ಮೊದಲ ಅಕ್ಷರ ಈ ಊರಿನದು.

ಅರಕಲಗೂಡಿನ ಸೀಮೆಯಲ್ಲಿ ನಮಗೆ ಸಮಾಧಾನ ತಂದವು ಎರಡು. ಕಾವೇರಿಯ ದಡದ ರಾಮನಾಥಪುರದಲ್ಲಿ, ರಾಮೇಶ್ವರನ ಸೋಪಾನದ ಬುಡದಲ್ಲಿ, ತೊಡೆಯಷ್ಟು ದಪ್ಪದ ಮೀನುಗಳು ನಿರ್ಭಯವಾಗಿ ಆಡುತ್ತಿರುತ್ತವೆ. ಯಾತ್ರಿಕರು ಎರಚಿದ ಪುರಿಯನ್ನು ಬಾಯ್ದೆರೆದು ಹಿಡಿಯುತ್ತವೆ. ಅವು ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. ಇದು ಈಗ ಸರ್ಕಾರವೂ ಒಪ್ಪಿದ ಮತ್ಸ್ಯಧಾಮ. ಆದರೂ ಅವುಗಳಿಗೆ ನಿಜವಾದ ಕಾವಲು ದಡದಲ್ಲಿ ಬಟ್ಟೆ ಒಗೆಯುವ ತಾಯಂದಿರ ಕಣ್ಣು. ಇನ್ನೊಂದು ರುದ್ರಪಟ್ಟಣ. ಈ ಚಿಕ್ಕ ಗ್ರಾಮದಿಂದ ಆರ್.ಕೆ. ಶ್ರೀಕಂಠನ್ ಅವರೂ ರುದ್ರಪಟ್ಟಣಂ ಸೋದರರೂ ಬಂದರು. ಹೊಳೆಯ ದಡದಲ್ಲಿ ತಂಬೂರಿಯ ಆಕಾರದ ಒಂದು ಮಂದಿರವನ್ನು ಇದೇ ಊರಿನ ವಿದ್ವಾಂಸರಾದ ಆರ್.ಕೆ. ಪದ್ಮನಾಭ ಅವರ ಸಂಕಲ್ಪದಿಂದ ಈಚೆಗೆ ಕಟ್ಟಿದ್ದಾರೆ. ಸಂಗೀತಕ್ಕೆ ಕಲ್ಲಿನ ಆಸರೆಯಿಲ್ಲ. ಹಾಡಿದ ಗಳಿಗೆಯಲ್ಲಿಯೇ ಅದು ಅಳಿಯುತ್ತದೆ. ಆದರೂ ತಂದೆಯು ಮಗನಿಗೆ, ಗುರುವು ಶಿಷ್ಯನಿಗೆ ದಿನವೂ ಹೇಳಿಕೊಟ್ಟುದರಿಂದ ಉಳಿದುಬಂದಿತು. ಉಳಿಯುವ ಉಪಾಯ ಮೀನಿಗೂ ಹಾಡಿಗೂ ಗುಡಿಗೂ ಒಂದೇ ಎಂದು ನಮಗೆ ತೋರಿತು.

ಕಡೆಗೆ ಚನ್ನರಾಯಪಟ್ಟಣ. ಹಿಂದೆ ಕೊಳತೂರೆಂಬ ಹೆಸರಿದ್ದ ಊರು. ಚೆನ್ನರಾಯನ ವರದಿಂದ ಹುಟ್ಟಿದ ಮಗನ ಹೆಸರನ್ನು ಪಾಳೆಯಗಾರನೊಬ್ಬನು ಇಟ್ಟನೆಂದು ಕಥೆ. ಇಲ್ಲಿಂದ ತಿಪಟೂರಿನ ದಾರಿಯಲ್ಲಿರುವ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ತ್ರಿಕೂಟವಿದೆ. ಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂದು ಶಿಲ್ಪಿಗಳ ಹೆಸರುಗಳು ಕಾಣುತ್ತವೆ. ಬೈಚೋಜನ ಕೈ ನಯವಾದುದು, ಮಲ್ಲಿತಮ್ಮನದು ಲವಲವಿಕೆಯದು. ಸ್ವಲ್ಪ ಹೊತ್ತು ನೋಡಿದರೆ ನಮ್ಮಂತಹ ಅಶಾಸ್ತ್ರಜ್ಞರಿಗೂ ಭೇದ ತಿಳಿಯುತ್ತದೆ. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದ ಗೋಡೆಯಲ್ಲಿಯೂ ಇದೆ. ಅಲ್ಲಿ ಅವನ ಕೆಲಸವನ್ನು ಲೋಕವೇ ನೋಡುತ್ತದೆ. ನುಗ್ಗೇಹಳ್ಳಿಯಲ್ಲಿ ನಾವಿದ್ದ ಎರಡು ಗಂಟೆಗಳ ಕಾಲ ಇನ್ನೊಬ್ಬ ಪ್ರವಾಸಿಗ ಬರಲಿಲ್ಲ.

ಶ್ರವಣಬೆಳಗೊಳದ ವರ್ಣನೆ ವಾಚಕರಿಗೆ ಬೇಕಿಲ್ಲ. ಗಂಗರ ಮಂತ್ರಿ ಚಾವುಂಡರಾಯನು 981ರ ಸುಮಾರಿನಲ್ಲಿ ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟನನ್ನು ಕಾಣದ ಕನ್ನಡಿಗನೇ ವಿರಳ. 2017ರಿಂದ ಬೆಂಗಳೂರು ಹಾಸನಗಳ ನಡುವಣ ರೈಲು ಈ ಊರಿನ ಮೇಲೆಯೇ ಹೋಗುತ್ತದೆ. ಇಲ್ಲಿ ನಾವು ಹುಡುಕಿಕೊಂಡು ಹೋದುದು ವಿಜಯನಗರದ ಬುಕ್ಕರಾಯನ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಕಲಹ ಹುಟ್ಟಿ, ಜೈನರು ಅರಸನಲ್ಲಿ ದೂರಿಕೊಂಡರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪುಕೊಟ್ಟು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಈ ಭಾಗವನ್ನು ಎಲ್ಲರೂ ಭಾಷಣಗಳಲ್ಲಿ ಸ್ಮರಿಸುತ್ತಾರೆ. ಅದರ ಮುಂದಿನ ಭಾಗ ಇನ್ನೂ ಮನನೀಯವಾದುದು. ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಾಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳನ್ನು ಸುಣ್ಣವಿಟ್ಟು ಸರಿಪಡಿಸಬೇಕು. ಈ ಏರ್ಪಾಡನ್ನು ನಡೆಸುವ ಹೊಣೆಯನ್ನು ಹೊತ್ತವನು ತಿರುಮಲೆಯ ತಾತಯ್ಯನೆಂಬ ವೈಷ್ಣವ. ಸಂಧಾನವೆಂದರೆ ಬರಿಯ ಸವಿಮಾತಲ್ಲ, ಇನ್ನೊಬ್ಬರ ಗುಡಿಗೆ ಸುಣ್ಣ ಹೊಡೆಸುವ ಕೆಲಸ ಎಂದು ಆ ಕಾಲದವರು ತಿಳಿದಿದ್ದರು.

ಹಾಗಾದರೆ ಆ ಪದ್ಧತಿ ಏನಾಯಿತು? ಹಳೆಯ ಮೈಸೂರಿನಲ್ಲಿ 1955ರ ಕಾನೂನಿನಿಂದ ದೇವಾಲಯಗಳ ಇನಾಮುಗಳು ರದ್ದಾದುವು. ಉಳುವವನಿಗೆ ನೆಲ ಸೇರಿದುದು ನ್ಯಾಯವೇ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಪೂಜೆಗೆ ತಸ್ತೀಕೆಂಬ ಸಣ್ಣ ಮೊತ್ತ ಉಳಿಯಿತೇ ಹೊರತು, ಖಂಡಸ್ಫುಟಿತದ ಬಾಬು ಊರಿನ ಕೈಯಿಂದ ಜಾರಿಹೋಯಿತು. ಅತ್ತ ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ, ನುಗ್ಗೇಹಳ್ಳಿಗಳಂತಹ ಗುಡಿಗಳು ಕೇಂದ್ರದ ಪುರಾತತ್ವ ಇಲಾಖೆಗೆ ಸೇರಿದುವು. ಇಲಾಖೆಯವರು ಇಲ್ಲದಿದ್ದರೆ ಇವು ಇಂದು ನಿಲ್ಲುತ್ತಿರಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಸ್ಮಾರಕದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿಗೆ ಅಪ್ಪಣೆ ಬೇಕು ಎಂಬ ಕಾನೂನೂ ಬೇಕಾದುದೇ. ಆದರೆ ಹಳ್ಳಿಯವನಿಗೆ ಗುಡಿಯಿಂದ ಇಂದು ಬರುವುದು ಈ ನಿಷೇಧವೊಂದೇ. ಊರಿನಿಂದ ಗುಡಿಯನ್ನು ಕಾಪಾಡುವ ಕಾನೂನು ನಮ್ಮಲ್ಲಿದೆ; ಊರಿಗೂ ಗುಡಿಗೂ ನಂಟು ಕಟ್ಟುವ ಏರ್ಪಾಡು ಇಲ್ಲ. ಯಾವ ಪಟ್ಟಿಗೂ ಸೇರದ ಗುಡಿಗಳಲ್ಲಿಯಂತೂ ಇನ್ನೊಂದು ಅಪಾಯ: ಜೀರ್ಣೋದ್ಧಾರವೆಂಬ ಪವಿತ್ರ ಹೆಸರಿನಲ್ಲಿಯೇ ಹಳೆಯ ಕಲ್ಲನ್ನು ಕೆಡವಿ ಸಿಮೆಂಟಿನ ಗೋಪುರವೆಬ್ಬಿಸಿ, ವಿಗ್ರಹಗಳಿಗೆ ಎನಾಮೆಲ್ ಬಣ್ಣ ಬಳಿಯುತ್ತಾರೆ.

ಆದುದರಿಂದ ನಮ್ಮ ವಿಜ್ಞಾಪನೆ ಇಷ್ಟು. ಗ್ರಾಮ ಪಂಚಾಯಿತಿಗಳು ತಮ್ಮ ಆಯವ್ಯಯದಲ್ಲಿ ಊರಿನ ಹಳೆಯ ಗುಡಿ, ಬಸದಿ, ಇಗರ್ಜಿ, ದರ್ಗಾ, ಕಲ್ಯಾಣಿಗಳ ದುರಸ್ತಿಗೆಂದು ಚಿಕ್ಕದಾದರೂ ಒಂದು ಬಾಬನ್ನು ವರ್ಷವರ್ಷವೂ ಇಡಲಿ. ರಕ್ಷಿತ ಸ್ಮಾರಕವಾದರೆ ಮಳೆಗಾಲಕ್ಕೆ ಮೊದಲು ಬಿರುಕನ್ನೂ ಸಸಿಯನ್ನೂ ನೋಡಿ ಇಲಾಖೆಗೆ ಬರೆಯಲಿ. ರಕ್ಷಿತವಲ್ಲದಿದ್ದರೆ ತಿಳಿದವರನ್ನು ಕೇಳಿ ತಾವೇ ಮಾಡಲಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನವರು ಸರ್ಕಾರದೊಡನೆಯೂ ಊರವರೊಡನೆಯೂ ವೆಚ್ಚವನ್ನು ಹಂಚಿಕೊಂಡು ಎಷ್ಟೋ ಹಳೆಯ ಗುಡಿಗಳನ್ನು ಹಳೆಯ ರೂಪದಲ್ಲಿಯೇ ಎತ್ತಿ ನಿಲ್ಲಿಸಿರುವುದು ಈ ದಾರಿ ಸಾಧ್ಯವೆಂಬುದಕ್ಕೆ ಸಾಕ್ಷಿ. ಉಪಾಧ್ಯಾಯರು ಮಕ್ಕಳಿಗೆ ತಮ್ಮ ಊರಿನ ಒಂದು ಶಾಸನವನ್ನಾದರೂ ಓದಿಸಲಿ. ಬೇಲೂರಿಗೆ ಹೋಗುವ ಯಾತ್ರಿಕರು ಇನ್ನೊಂದು ದಿನ ತಂಗಿ, ದೊಡ್ಡಗದ್ದವಳ್ಳಿಯನ್ನೋ ನುಗ್ಗೇಹಳ್ಳಿಯನ್ನೋ ನೋಡಿ, ಅಲ್ಲಿನ ಅಂಗಡಿಯಲ್ಲಿ ಒಂದು ಲೋಟ ಕಾಫಿಯನ್ನು ಕುಡಿಯಲಿ. ಗುಡಿಯಿಂದ ಊರಿಗೆ ಲಾಭವುಂಟೆಂದು ತೋರುವುದೂ ಒಂದು ಬಗೆಯ ಜೀರ್ಣೋದ್ಧಾರವೇ. ಮನೆಯ ಹೊಸ್ತಿಲಲ್ಲೋ ಬಾವಿಯ ಕಟ್ಟೆಯಲ್ಲೋ ಅಕ್ಷರವುಳ್ಳ ಕಲ್ಲಿರುವವರು ನಾಚಿಕೆಪಡದೆ ಹೊರಗೆ ತಿಳಿಸಲಿ. ನಾಚಬೇಕಾದವರು ನಾವಾಗಿದ್ದೆವು, ನಾಚಿ ಆಯಿತು.

ಹಾಸನದಿಂದ ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ಕೋರವಂಗಲಕ್ಕೆ ಹೋದೆವು. ಹುಡುಗನೊಬ್ಬನು ದನ ಕಾಯುತ್ತ ಗುಡಿಯ ಬೇಲಿಯಾಚೆ ನಿಂತಿದ್ದನು. ಹಾಳುಬಿದ್ದ ಗುಡಿ ಯಾವ ದೇವರದೆಂದು ಕೇಳಿದೆವು. ಅವನಿಗೆ ತಿಳಿಯದು. ಗೋವಿಂದ, ನಾಕ ಎಂದು ಎರಡು ಹೆಸರು ಹೇಳಿ, ಕಥೆಯನ್ನು ಚಿಕ್ಕದಾಗಿ ತಿಳಿಸಿದೆವು. ಗಮನವಿಟ್ಟು ಕೇಳಿದನು. ಕಡೆಯಲ್ಲಿ, 'ಅಣ್ಣನದು ಉಳಿಯಿತು, ತಮ್ಮಂದಿರದು ಯಾಕೆ ಬಿತ್ತು?' ಎಂದು ಕೇಳಿದನು. ಯಾರು ಅಣ್ಣ, ಯಾರು ತಮ್ಮ ಎಂಬುದನ್ನು ನಾವು ಹೇಳಿರಲಿಲ್ಲ. ನಿಂತದ್ದೇ ಅಣ್ಣನದೆಂದು ಅವನೇ ತೀರ್ಮಾನಿಸಿದ್ದನು. ಅವನ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆದಿದ್ದೇವೆ.